ಸಂಶೋಧನಾ ಲೇಖನ ಓದುವುದನ್ನು ಪದವಿ ತರಗತಿಯಲ್ಲೇ ಕಲಿಸಬೇಕು

ಮಾನ್ಯ ಸಂಪಾದಕರೇ,

ಬಿ.ಎಸ್‌ಸಿ. ಜೀವವಿಜ್ಞಾನದ ವಿದ್ಯಾರ್ಥಿಗಳು ಒಪ್ಪಿಸುವ ಪ್ರಾಜೆಕ್ಟ್ ವರದಿಗಳ ಕೊನೆಯ ಪುಟವನ್ನು ನೋಡಿದರೆ ಅವರು ಏನನ್ನು ಓದಿದ್ದಾರೆಂಬುದು ತಿಳಿದುಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಆ ಪುಟದಲ್ಲಿ ವಿಕಿಪೀಡಿಯಾ, ಗೂಗಲ್ ಮತ್ತು ಒಂದು ಗೈಡಿನ ಹೆಸರು ಇರುತ್ತಿತ್ತು. ಈಗ ಪಟ್ಟಿ ಬೆಳೆದಿದೆ. ಲೇಖಕರ ಹೆಸರು, ಜರ್ನಲ್, ಸಂಪುಟ, ಪುಟಸಂಖ್ಯೆ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ಆದರೆ ಹುಡುಕಲು ಹೊರಟರೆ ಅವುಗಳಲ್ಲಿ ಕೆಲವು ಲೇಖನಗಳು ಎಲ್ಲಿಯೂ ಸಿಗುವುದಿಲ್ಲ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಕೇಳಿದ್ದಕ್ಕೆ ಇಲ್ಲವೆನ್ನದೆ, ಇಲ್ಲದ ಲೇಖನಕ್ಕೂ ಹೆಸರಿಟ್ಟು ಕೊಡುವುದರ ಫಲ ಇದು. ವಿದ್ಯಾರ್ಥಿಗಳನ್ನು ಬೈದು ಪ್ರಯೋಜನವಿಲ್ಲ. ಸಂಶೋಧನಾ ಲೇಖನವನ್ನು ಹುಡುಕುವುದು ಹೇಗೆ, ಓದುವುದು ಹೇಗೆ ಎಂಬುದನ್ನು ಮೂರು ವರ್ಷಗಳಲ್ಲಿ ಯಾವ ತರಗತಿಯಲ್ಲಿಯೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ.

ಜರ್ನಲ್‌ಗಳಿಗೆ ಚಂದಾ ಕಟ್ಟಲು ಕಾಲೇಜಿನಲ್ಲಿ ದುಡ್ಡಿಲ್ಲ ಎಂಬ ಮಾತು ಬಹುಕಾಲ ನಿಜವಾಗಿತ್ತು. ಸರ್ಕಾರಿ ಸಂಸ್ಥೆಗಳ ಮಟ್ಟಿಗಾದರೂ ಅದನ್ನು ಈಗ ಮೊದಲಿನಷ್ಟು ಸಲೀಸಾಗಿ ಹೇಳುವಂತಿಲ್ಲ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತಲುಪಿಸುವ ಹೊಣೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಬೆಸೆಯುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ಇಷ್ಟು ಹಣ ಸುರಿದು ತೆರೆಸಿದ ಬಾಗಿಲಿನ ಒಳಗೆ ಹೋಗಲು ನಮ್ಮ ಮಕ್ಕಳಿಗೆ ದಾರಿ ತೋರಿಸುವವರಿಲ್ಲ ಎಂಬುದೇ ನನ್ನ ದೂರು.

ಮಲೆನಾಡಿನವರಿಗೆಲ್ಲ ಗೊತ್ತಿರುವ ಒಂದು ವಿಷಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಮೇಲೆ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟ್ ಮಾಡಲು ಹೊರಡುತ್ತಾಳೆ ಎಂದಿಟ್ಟುಕೊಳ್ಳೋಣ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಅವಳು ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಎಂಬುದರ ಹ್ರಸ್ವರೂಪವಾದ ‘ಕೆಎಫ್‌ಡಿ’ ಎಂದು ಇಂಗ್ಲಿಷಿನ ಮೂರಕ್ಷರ ಒತ್ತಿದರೆ, ಮಂಗನ ಕಾಯಿಲೆಯ ಜೊತೆಗೆ ಕಿಕುಚಿ-ಫುಜಿಮೊಟೊ ಎಂಬ, ದುಗ್ಧಗ್ರಂಥಿಗಳು ಊದಿಕೊಳ್ಳುವ ಬೇರೆಯೇ ಕಾಯಿಲೆಯ ಲೇಖನಗಳೂ ಬಂದು ಬೀಳುತ್ತವೆ. ಅದಕ್ಕೂ ಅದೇ ಮೂರಕ್ಷರ. ಕಾಯಿಲೆಯ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಈ ಗೊಂದಲ ನೀಗುತ್ತದೆ. ಪರದೆಯ ಎಡಬದಿಯಲ್ಲಿ ‘ರಿವ್ಯೂ’ ಎಂಬುದನ್ನು ಗುರುತು ಮಾಡಿದರೆ ಅದುವರೆಗಿನ ಸಂಶೋಧನೆಯನ್ನು ಒಟ್ಟಾಗಿ ಅವಲೋಕಿಸುವ ಲೇಖನಗಳು ಮಾತ್ರ ಉಳಿಯುತ್ತವೆ, ‘ಫ್ರೀ ಫುಲ್ ಟೆಕ್ಸ್ಟ್’ ಎಂಬುದನ್ನು ಒತ್ತಿದರೆ ಕಾಸು ಕೊಡದೆ ಪೂರ್ತಿ ಓದಬಹುದಾದವು ಸಿಗುತ್ತವೆ. ಇಷ್ಟನ್ನು ಕಲಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ನಮ್ಮ ಪಠ್ಯಕ್ರಮದಲ್ಲಿಲ್ಲ.

ಹುಡುಕುವುದಕ್ಕಿಂತ ಓದುವುದು ಕಷ್ಟ. ಇದೇ ಕಾಯಿಲೆಯ ಲಸಿಕೆಯ ಬಗ್ಗೆ ಎರಡು ಲೇಖನಗಳಿವೆ, ಎರಡೂ ಉಚಿತ. 2013ರಲ್ಲಿ ‘ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್’ ಜರ್ನಲ್‌ನಲ್ಲಿ ಬಂದ ಮೊದಲನೆಯದು 2005ರಿಂದ 2010ರವರೆಗಿನ ಕರ್ನಾಟಕದ ಅಂಕಿಅಂಶಗಳನ್ನು ಆಧರಿಸಿ, ಎರಡು ಡೋಸ್ ಪಡೆದವರಲ್ಲಿ ಲಸಿಕೆ ಸುಮಾರು ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಲ್ಲಿ ಸುಮಾರು ಶೇ 83ರಷ್ಟು ಪರಿಣಾಮಕಾರಿ ಎಂದು ಹೇಳಿತು. 2015ರಲ್ಲಿ ‘ಎಮರ್ಜಿಂಗ್ ಇನ್ಫೆಕ್ಷಿಯಸ್ ಡಿಸೀಸಸ್’ನಲ್ಲಿ ಬಂದ ಎರಡನೆಯದು, 2013ರ ಡಿಸೆಂಬರಿನಿಂದ 2014ರ ಏಪ್ರಿಲ್‌ವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಹರಡಿದ್ದನ್ನು ಪರಿಶೀಲಿಸಿ, ಎರಡು ಡೋಸಿನ ಪರಿಣಾಮ ಕಡಿಮೆ, ಲಸಿಕೆ ಪಡೆದವರೂ ಕಡಿಮೆ, ಲಸಿಕೆಗೆಂದು ಆರಿಸಿದ ಪ್ರದೇಶಗಳ ಆಚೆಗೂ ಕಾಯಿಲೆ ಹರಡಿದೆ ಎಂದಿತು. ಮೊದಲನೆಯದರ ಸಾರಾಂಶವನ್ನಷ್ಟೇ ಓದಿದ ವಿದ್ಯಾರ್ಥಿ ಲಸಿಕೆ ಚೆನ್ನಾಗಿದೆ ಎಂದು ಬರೆಯುತ್ತಾನೆ, ಎರಡನೆಯದರದ್ದನ್ನು ಓದಿದವನು ಲಸಿಕೆ ದಂಡ ಎಂದು ಬರೆಯುತ್ತಾನೆ, ಇಬ್ಬರಿಗೂ ಅಂಕ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಲಸಿಕೆ ಪಡೆದವರೆಂದು ಯಾರನ್ನು ಎಣಿಸಿದರು, ಯಾರೊಂದಿಗೆ ಹೋಲಿಸಿದರು, ಕಾಯಿಲೆ ಇದೇ ಎಂದು ಯಾವ ಪರೀಕ್ಷೆಯಿಂದ ಖಚಿತಪಡಿಸಿಕೊಂಡರು ಎಂದು ‘ವಿಧಾನ’ದ ಭಾಗದಲ್ಲಿ ಬೆರಳಿಟ್ಟು ಹುಡುಕಿದವನಿಗೆ ಮಾತ್ರ ವಿಜ್ಞಾನ ನಡೆಯುವ ಬಗೆ ತಿಳಿಯುತ್ತದೆ. ಆ ಲಸಿಕೆಯ ಬಳಕೆ ಈಗ ನಿಂತಿದೆ. ಅದನ್ನು ಚುಚ್ಚಿಸಿಕೊಂಡ ಮನೆಗಳ ಮಕ್ಕಳೇ ನಮ್ಮ ಕಾಲೇಜುಗಳ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಅವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲಿ ಸಿಕ್ಕೀತು?

ಲೇಖನವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಾದಂಬರಿಯಂತೆ ಓದಬೇಕಿಲ್ಲ ಎಂಬುದನ್ನೂ ಯಾರಾದರೂ ಹೇಳಬೇಕು. ಸಾರಾಂಶ, ಆಮೇಲೆ ಚಿತ್ರಗಳು ಮತ್ತು ಕೋಷ್ಟಕಗಳು, ಆಮೇಲೆ ವಿಧಾನ, ಕೊನೆಗೆ ಚರ್ಚೆ ಎಂಬ ಕ್ರಮ ಹೊಸಬರಿಗೆ ಅನುಕೂಲ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ನೋಡಿ ಹೆದರುತ್ತಾರೆ, ನಿಜ. ಆದರೆ ಒಂದೇ ಕೋಷ್ಟಕವನ್ನು ಕರಿಹಲಗೆಯ ಮೇಲೆ ಬರೆದು ಅರ್ಧ ಗಂಟೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅರ್ಧ ಹೆದರಿಕೆ ಅಲ್ಲಿಗೇ ಇಳಿಯುತ್ತದೆ. ಹಾಗೆ ಹೇಳುವುದು ತಮ್ಮ ಘನತೆಗೆ ಕಡಿಮೆ ಎಂದು ಭಾವಿಸುವ ಸಹೋದ್ಯೋಗಿಗಳಿದ್ದಾರೆ. ಅವರೊಂದಿಗೆ ನನಗೆ ಸಹಮತವಿಲ್ಲ.

ವಿದೇಶದ ಜರ್ನಲ್‌ಗಳಿಂದಲೇ ಶುರುಮಾಡಬೇಕೆಂದೂ ಇಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು 1996ರಿಂದ ಹೊರತರುತ್ತಿರುವ ‘ರೆಸೊನೆನ್ಸ್’ ಪದವಿ ವಿದ್ಯಾರ್ಥಿಗಳಿಗೆಂದೇ ಇರುವ ವಿಜ್ಞಾನ ಪತ್ರಿಕೆ, ಅದರ ಹಳೆಯ ಸಂಚಿಕೆಗಳೆಲ್ಲ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿವೆ. ಈಗ ಅಕಾಡೆಮಿಯೇ ಹೊರತರುತ್ತಿರುವ ‘ಜರ್ನಲ್ ಆಫ್ ಜೆನೆಟಿಕ್ಸ್’ ಅನ್ನು 1910ರಲ್ಲಿ ಇಂಗ್ಲೆಂಡಿನಲ್ಲಿ ತಳಿವಿಜ್ಞಾನಿ ಬೇಟ್ಸನ್ ಜೊತೆಗೂಡಿ ಆರಂಭಿಸಿದವರು ಪನ್ನೆಟ್. ಪಿಯುಸಿಯಲ್ಲಿ ಪನ್ನೆಟ್ ಚೌಕ ಬರೆದು ಬಂದ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುವುದನ್ನು ಕಂಡಿದ್ದೇನೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಎಲ್ಲಿಯೂ ಸಿಗದ ಲೇಖನಕ್ಕೆ ಅದರ ಲೇಖಕರಿಗೇ ಎರಡು ಸಾಲಿನ ಇ-ಮೇಲ್ ಬರೆದರೆ ಪ್ರತಿ ಕಳುಹಿಸಿಕೊಡುವವರು ಬೇಕಾದಷ್ಟಿದ್ದಾರೆ.

ಅಚ್ಚಾದದ್ದೆಲ್ಲ ನಂಬತಕ್ಕದ್ದಲ್ಲ ಎಂಬುದನ್ನೂ ಇದರ ಜೊತೆಗೇ ಕಲಿಸಬೇಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಲೇಖನ 1998ರಲ್ಲಿ ಬಂದದ್ದು ‘ಲ್ಯಾನ್ಸೆಟ್’ನಂಥ ಹೆಸರಾಂತ ವೈದ್ಯಕೀಯ ಜರ್ನಲ್‌ನಲ್ಲೇ, ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಇನ್ನು ದುಡ್ಡು ಕೊಟ್ಟರೆ ವಾರದೊಳಗೆ ಏನನ್ನಾದರೂ ಪ್ರಕಟಿಸುವ ನಕಲಿ ಜರ್ನಲ್‌ಗಳ ಕಾಟ ಬೇರೆ. ಒಳ್ಳೆಯ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2025ರಲ್ಲಿ ಕೈಬಿಟ್ಟಿರುವುದರಿಂದ, ಕಾಳು ಯಾವುದು ಜಳ್ಳು ಯಾವುದು ಎಂದು ತೀರ್ಮಾನಿಸುವ ಕೆಲಸ ಕಾಲೇಜುಗಳ ತಲೆಗೇ ಬಂದಿದೆ.

ಆದ್ದರಿಂದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ. ಹೊಸ ವಿಷಯವೂ ಬೇಡ, ಹೊಸ ಪಠ್ಯಪುಸ್ತಕವೂ ಬೇಡ. ಸೆಮಿಸ್ಟರಿಗೆ ಎರಡು ಪ್ರಾಯೋಗಿಕ ತರಗತಿಗಳನ್ನು ಲೇಖನ ಹುಡುಕುವುದಕ್ಕೂ ಓದುವುದಕ್ಕೂ ಮೀಸಲಿಟ್ಟು, ಗ್ರಂಥಪಾಲಕರನ್ನು ಅದರಲ್ಲಿ ಸೇರಿಸಿಕೊಂಡು, ಆಂತರಿಕ ಅಂಕಗಳಲ್ಲಿ ಒಂದಷ್ಟನ್ನು ಅದಕ್ಕೆ ಕೊಡಲಿ. ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪಟ್ಟಿಯಲ್ಲಿರುವ ಯಾವುದಾದರೂ ಒಂದು ಲೇಖನವನ್ನು ಆರಿಸಿ, ಅದರ ಎರಡನೆಯ ಕೋಷ್ಟಕ ಏನು ಹೇಳುತ್ತದೆ ಎಂದು ಕೇಳಲಿ. ಇಲ್ಲದ ಲೇಖನಗಳು ಒಂದೇ ವರ್ಷದಲ್ಲಿ ಪಟ್ಟಿಯಿಂದ ಮಾಯವಾಗುತ್ತವೆ. ಗ್ರಂಥಪಾಲಕರ ಹುದ್ದೆ ಖಾಲಿಯಿರುವ ಕಾಲೇಜುಗಳಲ್ಲಿ ಅದನ್ನು ತುಂಬುವುದು ಸರ್ಕಾರದ ಕೆಲಸ. ಕೇಂದ್ರದ ಚಂದಾ ಯೋಜನೆಯ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಸೀಮಿತವಾಗಿರುವುದರಿಂದ, ಖಾಸಗಿ ಕಾಲೇಜುಗಳಲ್ಲಿ ಓದುವ ಗ್ರಾಮೀಣ ವಿದ್ಯಾರ್ಥಿಗಳನ್ನೂ ಮುಂದಿನ ಹಂತದಲ್ಲಿ ಸೇರಿಸಬೇಕೆಂದು ರಾಜ್ಯದ ಉನ್ನತ ಶಿಕ್ಷಣ ಇಲಾಖೆಯು 2027 ಮುಗಿಯುವುದಕ್ಕೆ ಮುಂಚೆಯೇ ದೆಹಲಿಗೆ ಬರೆಯಬೇಕು.

– ಪ್ರಾಣಿಶಾಸ್ತ್ರದ ಅಧ್ಯಾಪಕ, ಶಿವಮೊಗ್ಗ ಜಿಲ್ಲೆ