ಲ್ಯಾಬಿಗೆ ಹೊರಟಿರುವ ಪುಟ್ಟಿಗೆ

ಚಿ. ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ನಿನ್ನ ಕಾಗದ ಬಂದ ದಿನವೇ ನಿಮ್ಮಪ್ಪನ ಫೋನೂ ಬಂತು. ಎಂ.ಡಿ. ಮುಗಿಸಿ ಊರಲ್ಲಿ ಕ್ಲಿನಿಕ್ ಇಡೋದು ಬಿಟ್ಟು ಫ್ಯಾಟಿ ಲಿವರ್ (ಲಿವರಿನಲ್ಲಿ ಕೊಬ್ಬು ತುಂಬುವುದು), ಕೊಲೆಸ್ಟ್ರಾಲ್ ಅಂತ ಸಂಶೋಧನೆಗೆ ಹೋಗ್ತಾಳಂತೆ, ನೀನಾದರೂ ಬುದ್ಧಿ ಹೇಳು ಅಂದ. ಹೇಳುತ್ತೇನೆ. ಧೈರ್ಯವಾಗಿ ಹೋಗು. ಆದರೆ ಒಪಿಡಿ ಮಾತ್ರ ಬಿಡಬೇಡ. ವಾರಕ್ಕೆ ಒಂದು ದಿನವಾದರೂ ರೋಗಿಗಳ ಮುಂದೆ ಕೂತುಕೋ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನೀನು ಹಿಡಿದಿರುವ ವಿಷಯದಲ್ಲಿ ದೊಡ್ಡ ಪ್ರಶ್ನೆಗಳೆಲ್ಲ ಮನುಷ್ಯರನ್ನು ನೋಡಿಯೇ ಹುಟ್ಟಿದವು.

ಹೆಲೆನ್ ಹಾಬ್ಸ್ ಹೆಸರು ನಿನಗೆ ಗೊತ್ತೇ ಇದೆ. ಅಮೆರಿಕದ ಡಾಲಸ್‌ನಲ್ಲಿರುವ ಯೂಟಿ ಸೌತ್‌ವೆಸ್ಟರ್ನ್ ಅನ್ನೋ ವೈದ್ಯಕೀಯ ಸಂಸ್ಥೆಯವರು. ಮೊದಲು ಅವರು ಡಾಕ್ಟರು. ಅಲ್ಲಿನ ಮೆಡಿಸಿನ್ ವಿಭಾಗದ ಮುಖ್ಯಸ್ಥ ಡೊನಾಲ್ಡ್ ಸೆಲ್ಡಿನ್ ಸಂಶೋಧನೆಗೆ ಹೋಗು ಎಂದ ಮೇಲೆ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರ ಲ್ಯಾಬ್ ಸೇರಿದರು. ಆ ಇಬ್ಬರೂ ಡಾಕ್ಟರುಗಳೇ. ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ವಿಪರೀತ ಇದ್ದು, ಎಳೆ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗುವ ಮಕ್ಕಳನ್ನು ಕಣ್ಣಾರೆ ಕಂಡವರು. ಅಂಥ ರೋಗಿಗಳ ಚರ್ಮದ ಕೋಶಗಳನ್ನು ಬೆಳೆಸಿ ನೋಡಿಯೇ, ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ಕೋಶದೊಳಗೆ ಎಳೆದುಕೊಳ್ಳುವ ಎಲ್‌ಡಿಎಲ್ ರಿಸೆಪ್ಟರ್ ಕಂಡುಹಿಡಿದರು. 1985ರಲ್ಲಿ ನೊಬೆಲ್ ಬಂತು. ಅದಕ್ಕೆ ಒಂದು ವರ್ಷ ಮೊದಲು ಪಿಟ್ಸ್‌ಬರ್ಗ್‌ನಲ್ಲಿ ಇದೇ ಕಾಯಿಲೆಯ ಆರು ವರ್ಷದ ಹುಡುಗಿಗೆ ಹೃದಯದ ಜೊತೆ ಲಿವರನ್ನೂ ಕಸಿ ಮಾಡಿದ್ದರು. ಹೊಸ ಲಿವರ್ ಬಂದ ಮೇಲೆ ಅವಳ ಕೊಲೆಸ್ಟ್ರಾಲ್ ಸರ್ರನೆ ಇಳಿಯಿತು. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಕೆಲಸ ಬಹುಪಾಲು ಲಿವರ್‌ದೇ ಅನ್ನೋದು ಆ ಪುಟ್ಟ ಮೈಯಲ್ಲಿ ಎಲ್ಲರಿಗೂ ಕಂಡಿತು. ಆ ಮಗುವಿನ ವಿಷಯ ಓದುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

2000ದಲ್ಲಿ ಹಾಬ್ಸ್ ಮತ್ತು ಅವರ ಜೊತೆಗಾರರು ಹೃದಯದ ಕಾಯಿಲೆಯ ಬಗ್ಗೆ ಡಾಲಸ್ ಹಾರ್ಟ್ ಸ್ಟಡಿ ಅನ್ನೋ ಅಧ್ಯಯನ ಶುರುಮಾಡಿದರು. ಅದನ್ನು ನೀನು ಗಮನವಿಟ್ಟು ಓದು. ಆಸ್ಪತ್ರೆಗೆ ಬಂದವರನ್ನು ಅಲ್ಲಿ ಲೆಕ್ಕ ಹಾಕಲಿಲ್ಲ. ಊರಿನ ಜನರ ಮನೆಗೇ ಹೋಗಿ ವಿವರ ಕೇಳಿದರು, ರಕ್ತ ತೆಗೆದುಕೊಂಡರು. ಸುಮಾರು ಅರ್ಧದಷ್ಟು ಮಂದಿ ಕಪ್ಪು ಜನಾಂಗದವರು ಇರಬೇಕು ಅಂತ ಮೊದಲೇ ಯೋಚಿಸಿ ಆರಿಸಿದ್ದರು. ಮುಂದೆ ಸಿಕ್ಕಿದ್ದೆಲ್ಲ ಈ ತೀರ್ಮಾನದಿಂದಲೇ ಸಿಕ್ಕಿದ್ದು.

2003ರಲ್ಲಿ ಫ್ರಾನ್ಸಿನವರು ಪಿಸಿಎಸ್‌ಕೆ9 ಅನ್ನೋ ಜೀನಿನಲ್ಲಿ ಬದಲಾವಣೆ ಆಗಿ ಕೊಲೆಸ್ಟ್ರಾಲ್ ಏರಿದ ಕುಟುಂಬಗಳನ್ನು ಕಂಡುಹಿಡಿದರು. ಈ ಪ್ರೋಟೀನು ಎಲ್‌ಡಿಎಲ್ ರಿಸೆಪ್ಟರನ್ನೇ ನಾಶಕ್ಕೆ ತಳ್ಳುತ್ತದೆ. ಹಾಗಾದರೆ ಈ ಜೀನ್ ಕೆಲಸ ಮಾಡದವರಲ್ಲಿ ಕೊಲೆಸ್ಟ್ರಾಲ್ ಕಮ್ಮಿ ಇರಬೇಕಲ್ವಾ? ಹಾಬ್ಸ್ ಮತ್ತು ಅವರ ಜೊತೆಗಾರ ಜೊನಾಥನ್ ಕೋಹೆನ್ ಡಾಲಸ್ ಅಧ್ಯಯನದಲ್ಲಿ ಎಲ್‌ಡಿಎಲ್ ತೀರಾ ಕಮ್ಮಿ ಇದ್ದವರ ಜೀನನ್ನು ನೋಡಿದರು. 2005ರಲ್ಲಿ ಉತ್ತರ ಸಿಕ್ಕಿತು. ಕಪ್ಪು ಜನಾಂಗದ ನೂರರಲ್ಲಿ ಸುಮಾರು ಇಬ್ಬರಲ್ಲಿ ಅಪ್ಪ ಅಮ್ಮನಿಂದ ಬರುವ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿತ್ತು. ಮಾರನೇ ವರ್ಷ ಇನ್ನೊಂದು ದೊಡ್ಡ ಅಧ್ಯಯನದ ಜನರಲ್ಲಿ ನೋಡಿದರು. ಅಂಥವರ ಎಲ್‌ಡಿಎಲ್ ನೂರಕ್ಕೆ 28ರಷ್ಟು ಕಮ್ಮಿ, ಹೃದಯದ ರಕ್ತನಾಳದ ಕಾಯಿಲೆ ನೂರಕ್ಕೆ 88ರಷ್ಟು ಕಮ್ಮಿ! ಹುಟ್ಟಿನಿಂದಲೇ ಕಮ್ಮಿ ಇದ್ದುದರ ಫಲ ಅದು. 2015ರ ಹೊತ್ತಿಗೆ ಆ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ರೋಗಿಗಳ ಕೈಗೆ ಬಂತು. ಕಾಯಿಲೆಯವರನ್ನೇ ನೋಡುವ ಅಭ್ಯಾಸ ನಮಗೆ ಜಾಸ್ತಿ. ಗಟ್ಟಿಮುಟ್ಟಾಗಿರುವವರನ್ನು ನಿಲ್ಲಿಸಿ, ಇವರಿಗೆ ಯಾಕೆ ಏನೂ ಆಗಿಲ್ಲ ಅಂತ ಕೇಳೋದು ನಮ್ಮ ತಲೆಗೆ ಬರೋದೇ ಇಲ್ಲ. ನೀನು ಕೇಳು.

ಇನ್ನು ಲಿವರ್ ಕಡೆಗೆ ಬರುತ್ತೇನೆ. ಅದೇ ಡಾಲಸ್ ಜನರ ಲಿವರಿನ ಕೊಬ್ಬನ್ನು ಎಂಆರ್ ಸ್ಕ್ಯಾನ್ ಯಂತ್ರದಲ್ಲಿ ಅಳೆದರು. 2004ರಲ್ಲಿ ಬಂದ ಲೆಕ್ಕದ ಪ್ರಕಾರ ಮೂವರಲ್ಲಿ ಸುಮಾರು ಒಬ್ಬರಿಗೆ ಫ್ಯಾಟಿ ಲಿವರ್. ಅವರಲ್ಲಿ ನೂರಕ್ಕೆ 79 ಮಂದಿಯ ಎಸ್‌ಜಿಪಿಟಿ, ಅಂದರೆ ಲಿವರಿಗೆ ಪೆಟ್ಟಾಗಿದೆಯೇ ಅಂತ ನೋಡುವ ರಕ್ತಪರೀಕ್ಷೆ, ನಾರ್ಮಲ್! ಎಸ್‌ಜಿಪಿಟಿ ಸರಿ ಇದೆ, ಲಿವರ್ ಚೆನ್ನಾಗಿದೆ ಅಂತ ರಿಪೋರ್ಟ್ ನೋಡಿ ಕಳಿಸಿಬಿಡುವ ಡಾಕ್ಟರು ನೀನು ಆಗಬೇಡ. 2008ರಲ್ಲಿ ಇದೇ ಜನರಲ್ಲಿ ಫ್ಯಾಟಿ ಲಿವರಿಗೆ ಸಂಬಂಧಪಟ್ಟ ಪಿಎನ್‌ಪಿಎಲ್‌ಎ3 ಅನ್ನೋ ಜೀನ್ ಸಿಕ್ಕಿತು. ಅದರ ಬದಲಾದ ರೂಪದ ಎರಡು ಪ್ರತಿ ಇದ್ದವರ ಲಿವರಿನಲ್ಲಿ ಕೊಬ್ಬು ಎರಡು ಪಟ್ಟಿಗಿಂತ ಹೆಚ್ಚು. ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಜನರಲ್ಲಿ ಈ ರೂಪ ಎಲ್ಲರಿಗಿಂತ ಜಾಸ್ತಿ, ಫ್ಯಾಟಿ ಲಿವರೂ ಅವರಲ್ಲೇ ಜಾಸ್ತಿ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು 2014ರಲ್ಲಿ ಸಿಕ್ಕಿದ ಟಿಎಂ6ಎಸ್‌ಎಫ್2 ಅನ್ನೋ ಜೀನ್. ಇದರಲ್ಲಿ ದೋಷ ಇದ್ದರೆ ಲಿವರ್ ತನ್ನ ಕೊಬ್ಬನ್ನು ಸರಿಯಾಗಿ ರಕ್ತಕ್ಕೆ ಬಿಡುವುದಿಲ್ಲ. ಸಂತೆಗೆ ಗಾಡಿ ಹೊರಡದಿದ್ದರೆ ಫಸಲು ಕಣಜದಲ್ಲೇ ಉಳಿದ ಹಾಗೆ, ಕೊಬ್ಬು ಲಿವರಿನಲ್ಲೇ ಉಳಿಯುತ್ತದೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಇಳಿಯುತ್ತದೆ, ಹೃದಯಕ್ಕೆ ಒಳ್ಳೆಯದೇ. ಲಿವರ್‌ಗೆ ಮಾತ್ರ ಕೆಟ್ಟದ್ದು. ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಚೆನ್ನಾಗಿದೆ ಅಂತ ಸಂತೋಷಪಡುವ ರೋಗಿಯ ಲಿವರ್ ಒಳಗೆ ಏನಾಗುತ್ತಿದೆ ಅಂತ ಯಾರಿಗೆ ಗೊತ್ತು? ಹೃದಯದ ಡಾಕ್ಟರು ಒಂದು ಕಡೆ, ಲಿವರ್ ಡಾಕ್ಟರು ಇನ್ನೊಂದು ಕಡೆ ಕೂತರೆ ಇದು ಕಾಣುವುದೇ ಇಲ್ಲ. ಅದಕ್ಕೇ ನೀನು ಎರಡನ್ನೂ ಒಟ್ಟಿಗೆ ಹಿಡಿದಿದ್ದು ನನಗೆ ತುಂಬಾ ಇಷ್ಟವಾಯಿತು.

ಜೀನಿನ ಮಾತು ಕಲಿತ ಮೇಲೆ ರೋಗಿಗೆ ಮಾತ್ರ 'ನಿಮ್ಮ ಹಣೆಬರಹ' ಅನ್ನಬೇಡ. ಪಿಎನ್‌ಪಿಎಲ್‌ಎ3 ದೋಷ ಇದ್ದವರಲ್ಲಿ ಮೈತೂಕ ಏರಿದಷ್ಟೂ ಅದರ ಹಾವಳಿ ಏರುತ್ತದೆ ಅಂತ ಇದೇ ಡಾಲಸ್ ಗುಂಪು ಆಮೇಲೆ ತೋರಿಸಿತು. ಅಂದರೆ ತೂಕ ಇಳಿಸುವುದು ಇಂಥವರಿಗೇ ಹೆಚ್ಚು ಮುಖ್ಯ. ಅದನ್ನು ಬೈಯದೆ, ಹೆದರಿಸದೆ, ಅವರ ಊಟದ ವಿಷಯ ಮಾತಾಡುತ್ತಾ ಹೇಳಬೇಕು. ಆ ಮಾತುಕತೆಗೆ ಹತ್ತು ನಿಮಿಷ ಬೇಕು. ಕೊಡು.

ನಮ್ಮ ಕಡೆಯ ಪ್ರಶ್ನೆಗಳು ಬೇರೆಯೇ ಇವೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಕುಡಿತಕ್ಕೆ ಸಂಬಂಧವಿಲ್ಲದ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25ಕ್ಕಿಂತ ಕೆಳಗೆ. ತೆಳ್ಳಗಿರುವ, ದುಡಿದು ತಿನ್ನುವ ಜನ. ಇಂಥವರನ್ನು ನಾನೂ ಎಷ್ಟೋ ವರ್ಷ ನೋಡಿದ್ದೇನೆ. ಹೊಟ್ಟೆಯ ಸ್ಕ್ಯಾನ್ ಬೇರೆ ಯಾವುದಕ್ಕೋ ಮಾಡಿಸಿರುತ್ತಾರೆ, ಲಿವರಿನಲ್ಲಿ ಕೊಬ್ಬು ಅಂತ ಬರೆದಿರುತ್ತದೆ. 'ನಾನು ಕುಡಿಯಲ್ಲ ಅಮ್ಮ' ಅಂತ ನಾಚಿಕೆಯಿಂದ ಹೇಳುತ್ತಾರೆ. ಅವರಲ್ಲಿ ಯಾರ ಲಿವರ್ ಮುಂದೆ ಗಡುಸಾಗಿ ಕೆಡುತ್ತದೆ, ಯಾರದು ಹಾಗೇ ಉಳಿಯುತ್ತದೆ? ಈ ಪ್ರಶ್ನೆಯ ಹಿಂದೆ ಬಿದ್ದರೆ ನಿನ್ನ ಇಡೀ ವಯಸ್ಸಿಗೆ ಸಾಕಾಗುವಷ್ಟು ಕೆಲಸ ಇದೆ.

ಪ್ರೊಪೋಸಲ್ ಬರೆದ ಮೇಲೆ ನನಗೊಂದು ಪ್ರತಿ ಕಳಿಸು. ಯಾರ್ಯಾರನ್ನು ಸೇರಿಸಿಕೊಳ್ಳುತ್ತೀಯ ಅನ್ನೋ ಭಾಗವನ್ನು ನಾನು ಕೂತು ಓದಬೇಕು. ಆಸ್ಪತ್ರೆಗೆ ಬರುವವರು ಮಾತ್ರ ಅಂತ ಇದ್ದರೆ ತಿದ್ದಿ ವಾಪಸ್ ಕಳಿಸುತ್ತೇನೆ. ನಿಮ್ಮಪ್ಪನ ಹತ್ತಿರ ಮಾತಾಡುವುದು ನನಗೆ ಬಿಡು, ಭಾನುವಾರ ಅವನನ್ನು ಮನೆಗೆ ಕರೆದಿದ್ದೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ