ಸ್ಟೀರಿಯೋ ಜೋರು ಮಾಡಿದರೆ ಸದ್ದು ಹೋಗುತ್ತಾ?

ಮೂಡಿಗೆರೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಕಾಫಿ ಕೊಯ್ಲು ಅರ್ಧ ಮುಗಿದಿದೆ. ಫೋನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಬೆಳಗ್ಗೆ ಕಣದ ಪಕ್ಕ ನೀನು ಕಾರು ಸ್ಟಾರ್ಟ್ ಮಾಡಿದಾಗ ನಿನ್ನ ದೊಡ್ಡಮ್ಮ ಒಳಗಿಂದ, "ಯಾರು ಕಾಫಿ ಬೀಜ ಹುರೀತಿರೋದು?" ಅಂದಳು. ನೀನು ನಕ್ಕು ಸ್ಟೀರಿಯೋ ಜೋರು ಮಾಡಿದೆ. ಡೀಸೆಲ್ ಗಾಡಿ, ಚಳಿಗೆ ಹಂಗೇ ಅಂದೆ. ಡೀಸೆಲ್ಲಿನ ಬಡಿತ ನನಗೆ ಗೊತ್ತಿಲ್ವಾ ಮಗಾ? ಆ ಗರಗರ ಎಂಜಿನ್‌ನ ಹಿಂಬದಿಯಿಂದ, ಗೇರ್‌ಬಾಕ್ಸ್ ಕಡೆಯಿಂದ ಬರುತ್ತಿತ್ತು. ಈಗ ಹಾಸನದ ಗ್ಯಾರೇಜಿನಲ್ಲಿ ಟೈಮಿಂಗ್ ಚೈನ್, ಅಂದರೆ ವಾಲ್ವು ಪಿಸ್ಟನ್ನು ಎರಡನ್ನೂ ಒಂದೇ ತಾಳದಲ್ಲಿ ಓಡಿಸುವ ಸರಪಳಿ, ಕೆಟ್ಟಿದೆ ಅಂದರಂತೆ, ನಾಲ್ಕೂವರೆ ಲಕ್ಷ ಎಸ್ಟಿಮೇಟ್ ಬರೆದರಂತೆ. ಒಂಬತ್ತು ಲಕ್ಷದ ಸೆಕೆಂಡ್ ಹ್ಯಾಂಡ್ ಕಾರಿಗೆ!

ಹೊಸದರಲ್ಲಿ ಅದು ನಲವತ್ತೈದು ಲಕ್ಷದ್ದು. ಹನ್ನೆರಡು ವರ್ಷಕ್ಕೆ ಕಾರಿನ ಬೆಲೆ ಇಳಿಯಿತು, ಸ್ಪೇರ್ ಪಾರ್ಟ್ ಬೆಲೆ ಇಳಿಯಲಿಲ್ಲ. ಕೊಳ್ಳುವಾಗ ನೀನು ನೋಡಿದ್ದು ಸನ್‌ರೂಫ್ ಅಲ್ವಾ?

ಇರಲಿ. ಮೊದಲು ಗಾಡಿ ನಿಲ್ಲಿಸು. ಆಫೀಸಿಗಷ್ಟೇ ಅಂತಲೂ ಓಡಿಸಬೇಡ. ಚೈನನ್ನು ಹಿಡಿದಿಡುವ ಗೈಡ್‌ಗಳು ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದು ಸವೆದು ಮುರಿಯುತ್ತವೆ. ಚೈನ್ ಹಲ್ಲು ಹಾರಿದರೆ ವಾಲ್ವಿಗೆ ಪಿಸ್ಟನ್ ಬಡಿಯುತ್ತೆ. ಆಮೇಲೆ ನಾಲ್ಕೂವರೆ ಲಕ್ಷವೇ ಅಗ್ಗ ಅನಿಸುತ್ತೆ.

ನಾನೂ ಮಾಡಿದವನೇ. ಚಾರ್ಮಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿತ್ತು. ಕೊಟ್ಟಿಗೆಹಾರ ಬಂದೇ ಬಿಡ್ತು, ಅಲ್ಲೇ ನೀರುದೋಸೆ ತಿಂದು ನೋಡೋಣ ಅಂತ ಎಳೆದೆ. ದೋಸೆ ತಿಂದೆ. ಸಿಲಿಂಡರ್ ಹೆಡ್ ಸೊಟ್ಟಗಾಗಿತ್ತು. ಆ ವರ್ಷದ ಮೆಣಸಿನ ದುಡ್ಡು ಪೂರ್ತಿ ಗ್ಯಾರೇಜಿಗೆ.

ಎಸ್ಟಿಮೇಟ್ ಜಾಸ್ತಿ ಅಂತ ಅವರನ್ನು ಬೈಯಬೇಡ. ನಿನ್ನ ಎಂಜಿನ್‌ನಲ್ಲಿ ಚೈನ್ ಇರುವುದೇ ಹಿಂದೆ. ಕೈ ಹಾಕಬೇಕಾದರೆ ಎಂಜಿನ್ನೋ ಗೇರ್‌ಬಾಕ್ಸೋ ಇಳಿಸಲೇಬೇಕು, ಕೂಲಿ ಅಲ್ಲೇ ಏರುತ್ತೆ. ಆದರೆ ಒಪ್ಪುವ ಮೊದಲು ಬೇರೆ ಒಬ್ಬ ಮೆಕ್ಯಾನಿಕ್‌ಗೆ ತೋರಿಸು, ಊರ ಜೀಪ್ ಬಿಚ್ಚುವವನಿಗಲ್ಲ, ಇದೇ ಎಂಜಿನ್ ಬಿಚ್ಚಿ ಕಟ್ಟಿದವನಿಗೆ. ಟೋಯಿಂಗ್‌ಗೆ ಗಾಡಿಯನ್ನೇ ಹೊತ್ತೊಯ್ಯುವ ಲಾರಿ ಕರೆಸು, ಆಟೋಮ್ಯಾಟಿಕ್ ಗೇರ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಬೇಡ. ಮೊದಲು ಸಂಪ್, ಅಂದರೆ ಎಂಜಿನ್ ಅಡಿಯ ಎಣ್ಣೆ ತಟ್ಟೆ, ಬಿಚ್ಚಿಸು, ನೀನೇ ನಿಂತು ನೋಡು. ಎಣ್ಣೆ ಹೀರುವ ಜಾಲರಿಗೆ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದ್ದರೆ ಗೈಡ್ ಮುರಿದಿದೆ ಅಂತಲೇ. ಎಣ್ಣೆಯಲ್ಲಿ ಲೋಹದ ಹೊಳೆಯುವ ಪುಡಿ ಕಂಡರೆ ಬೇರಿಂಗ್ ಕೂಡ ನೋಡಿಸಬೇಕು, ಆಗ ಲೆಕ್ಕವೇ ಬೇರೆ.

ಮಾಡಿಸುವುದಾದರೆ ಚೈನ್ ಒಂದನ್ನೇ ಹಾಕಿಸಬೇಡ. ಗೈಡ್, ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಎಲ್ಲ ಹೊಸದು. ಗೇರ್‌ಬಾಕ್ಸ್ ಹೇಗೂ ಇಳಿದಿರುತ್ತೆ, ಹಿಂಬದಿಯ ಆಯಿಲ್ ಸೀಲೂ ಆಗಲಿ. ಹಳೇ ಸಾಮಾನು ವಾಪಸ್ ಕೇಳಿ ತಗೋ. ಪುಸ್ತಕದಲ್ಲಿ 25,000 ಕಿ.ಮೀ.ಗೆ ಆಯಿಲ್ ಅಂತ ಬರೆದಿದ್ದರೂ ನೀನು 10,000ಕ್ಕೇ ಬದಲಾಯಿಸು.

ಸದ್ದು ಮುಚ್ಚಿಟ್ಟು ಯಾರಿಗಾದರೂ ದಾಟಿಸುವ ಯೋಚನೆ ಇದ್ದರೆ ಬಿಡು. ನಿನಗೆ ಮಾರಿದವನನ್ನು ನೀನು ಏನೇನು ಬೈದೆ ಅಂತ ಕೇಳಿದ್ದೇನೆ. ಕೆಟ್ಟಿದೆ ಅಂತ ಹೇಳಿಯೇ ಮಾರಿದರೆ ಮೂರು ಲಕ್ಷಕ್ಕೆ ಹೋದರೂ ನನಗೆ ಬೇಜಾರಿಲ್ಲ.

ದುಡ್ಡು ಕೇಳಿದೆಯಲ್ಲ, ಕಾಫಿ ಮಾರಿದ ಮೇಲೆ ಎರಡು ಲಕ್ಷದವರೆಗೆ ಕೊಡಬಲ್ಲೆ. ಆದರೆ ಸಂಪ್ ಬಿಚ್ಚಿದ ಫೋಟೋ ಬರಬೇಕು.

ಭಾನುವಾರ ಬಸ್ಸಿಗೆ ಬಾ. ದೊಡ್ಡಮ್ಮ ಕಡುಬು ಮಾಡ್ತಾಳಂತೆ.

ನಿನ್ನ ದೊಡ್ಡಪ್ಪ