ಸೆಲ್ಲೋಟೇಪ್ ಕೀಳದೆ ಆ ಕ್ಯಾಸೆಟ್ ಹಾಕಬೇಡ

ಮಂಡ್ಯ
ಭಾನುವಾರ ರಾತ್ರಿ

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ. ಸರಿ, ಕೋಪ ಇಳಿಯೋವರೆಗೂ ಎತ್ತಬೇಡ. ಆದರೆ ಕಪಾಟಿನ ಕ್ಯಾಸೆಟ್ ಡಬ್ಬದಲ್ಲಿ ಒಂದು ಜಾಗ ಖಾಲಿ ಇರೋದನ್ನ ಸಂಜೆ ನೋಡಿದೆ. ನೀನು ತಗೊಂಡು ಹೋಗಿರೋದು ಅಜ್ಜಿ ಕ್ಯಾಸೆಟ್. ಬೈಯೋಕೆ ಬರೀತಿಲ್ಲ ಕಣವ್ವ. ಆನ್‌ಲೈನಲ್ಲಿ ತರಿಸಿದ ಆ ಸಣ್ಣ ಪ್ಲೇಯರ್‌ಗೆ ಅದನ್ನ ಹಾಕಿಬಿಡ್ತೀಯೇನೋ ಅಂತ ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್‌ಗೆ ಹೋಗೋ ಪಕ್ಕದ ಮನೆ ಹುಡುಗನ ಕೈಲಿ ಈ ಪತ್ರಾನೂ ಒಂದು ಪೊಟ್ಟಣಾನೂ ಕಳಿಸ್ತಿದ್ದೀನಿ. ಪೂರ್ತಿ ಓದೋವರೆಗೂ ಕ್ಯಾಸೆಟ್ ಮುಟ್ಟಬೇಡ.

ಮೊದಲು ಆ ರಾತ್ರಿಯ ಮಾತು. ನೀನು ಬರೆದಿರೋ ಕಾದಂಬರಿ ಓದಿ ಹೇಳ್ತಿದ್ದಾಗ ನಡುವೆ ಬಾಯಿ ಹಾಕಿ "ಇದೆಲ್ಲ ಸುಳ್ಳು" ಅಂದಿದ್ದು ತಪ್ಪು. ತಟ್ಟೇಲಿ ಮುದ್ದೆ ಬಿಟ್ಟು ನೀನು ಎದ್ದುಹೋಗೋ ಹಂಗೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. "ಕಥೆಗೆ ನಿಮ್ಮ ಲೆಕ್ಕ ಯಾಕಪ್ಪಾ" ಅಂದೆಯಲ್ಲ, ಆಗ ಉತ್ತರ ಹೊಳೀಲಿಲ್ಲ. ಈಗ ಹೇಳ್ತೀನಿ. ಆ ಕಾಲದ ಪ್ರೀತಿ ಇದ್ದದ್ದೇ ಕಾಯೋದರಲ್ಲಿ. ಎಷ್ಟು ಹೊತ್ತು ಕಾದರು ಅನ್ನೋದು ತಪ್ಪಿದರೆ ಆ ಹುಡುಗ ಎಷ್ಟು ಪ್ರೀತಿಸಿದ ಅನ್ನೋದೇ ಓದುವವರಿಗೆ ಗೊತ್ತಾಗಲ್ಲ.

ನಿನ್ನ ಕಾದಂಬರಿಯ ಹುಡುಗ 1999ರ ಕೊನೇಲಿ ಮಂಡ್ಯದ ಸೈಬರ್ ಕೆಫೇಲಿ ಕೂತು, ಒಬ್ಬರ ಹಾಡನ್ನ ಇನ್ನೊಬ್ಬರು ಇಳಿಸಿಕೊಳ್ಳೋ ನ್ಯಾಪ್‌ಸ್ಟರಿಂದ ಎರಡೇ ನಿಮಿಷಕ್ಕೆ ಹಾಡು ಇಳಿಸಿ, ಮೈಸೂರಿನ ಗಂಗೋತ್ರಿ ಹಾಸ್ಟೆಲಿನ ಹುಡುಗಿಯ ಹಾಟ್‌ಮೇಲಿಗೆ ಕಳಿಸ್ತಾನೆ. ನ್ಯಾಪ್‌ಸ್ಟರ್ ಬಂದಿದ್ದು 1999ರ ಜೂನಲ್ಲಿ, ವರ್ಷ ಸರಿಯಾಗೇ ಇದೆ. ನಿಮಿಷ ಸರಿ ಇಲ್ಲ. 128 ಕೆಬಿಪಿಎಸ್ ಎಂಪಿ3 ಅಂದ್ರೆ ಸೆಕೆಂಡಿಗೆ 16 ಕಿಲೋಬೈಟ್, ಐದು ನಿಮಿಷದ ಹಾಡು 4.8 ಎಂಬಿ. ಫೋನ್ ತಂತೀಲಿ ಇಂಟರ್ನೆಟ್ ತರೋ ಮೋಡೆಮ್ ಮೇಲೆ 56ಕೆ ಅಂತ ಬರೆದಿದ್ರೂ ಹಳೇ ತಾಮ್ರದ ತಂತೀಲಿ ಸೆಕೆಂಡಿಗೆ ನಾಲ್ಕು ಕಿಲೋಬೈಟ್ ಬಂದರೆ ಪುಣ್ಯ. ಅಲ್ಲಿಗೆ ಇಪ್ಪತ್ತು ನಿಮಿಷ ಆಯ್ತು, ಅದೂ ಒಬ್ಬನೇ ಕೂತಿದ್ರೆ. ಕೆಫೇಲಿ ಒಂದೇ ಲೈನನ್ನ ಆರು ಕಂಪ್ಯೂಟರಿಗೆ ಹಂಚಿರ್ತಾರೆ. ಆರೂ ಜನ ಏನಾದ್ರೂ ಇಳಿಸ್ತಾ ಕೂತರೆ ಎರಡು ಗಂಟೆ. ಮುಕ್ಕಾಲು ಪಾಲು ಬಂದಾಗ ಒಳಗಡೆ ಯಾರೋ ಅದೇ ಲೈನಿನ ಪ್ಯಾರಲಲ್ ಫೋನ್ ಎತ್ತಿದ್ರೆ ಲೈನ್ ಕಟ್. ಕರೆಂಟ್ ಹೋದ್ರೂ ಅದೇ ಗತಿ. ಬಿಟ್ಟ ಕಡೆಯಿಂದ ಮುಂದುವರಿಯೋ ಸೌಕರ್ಯ ಆಗ ಅಪರೂಪ, ಮತ್ತೆ ಸೊನ್ನೆಯಿಂದ ಶುರು.

ಇಳಿದ ಮೇಲೂ ಕಳಿಸೋಕಾಗಲ್ಲ. ಹಾಟ್‌ಮೇಲಿನ ಡಬ್ಬ ಇದ್ದದ್ದೇ ಒಟ್ಟು 2 ಎಂಬಿ. ಜಿಮೇಲ್ ಬಂದು 1 ಜಿಬಿ ಕೊಟ್ಟಿದ್ದು 2004ರ ಏಪ್ರಿಲಲ್ಲಿ. ಹಾಗಾದ್ರೆ ಅವನು ಏನು ಮಾಡಬೇಕು? ಆಗ ಫೈಲ್ ಹೊತ್ತೊಯ್ಯೋಕೆ ಇದ್ದ ಫ್ಲಾಪಿ ಡಿಸ್ಕ್ ಹಿಡಿಯೋದು 1.44 ಎಂಬಿ. ಹಾಡನ್ನ ತುಂಡು ಮಾಡಿ ನಾಲ್ಕು ಫ್ಲಾಪಿಗೆ ತುಂಬಿಸಿ, ಜೇಬಲ್ಲಿ ಇಟ್ಕೊಂಡು ಮೈಸೂರು ರೈಲು ಹತ್ತಬೇಕು. ಅಲ್ಲಿ ಹೋಗಿ ಹಾಕಿದ್ರೆ ಮೂರನೇ ಫ್ಲಾಪಿ ಓದಲ್ಲ. ಧೂಳೋ, ಸ್ಪೀಕರ್ ಪಕ್ಕ ಇಟ್ಟಿದ್ದಕ್ಕೆ ಅದರ ಆಯಸ್ಕಾಂತವೋ. ಉಳಿದ ಮೂರು ಫ್ಲಾಪಿ ನೆಟ್ಟಗಿದ್ರೂ ಹಾಡು ಕೂಡಿಕೊಳ್ಳಲ್ಲ. ಆ ಹುಡುಗಿ ಎದುರಿಗೆ ಅವನು ನಾಲ್ಕು ಫ್ಲಾಪಿ ಹಿಡಿದು ನಿಂತಿರೋದನ್ನ ನೀನು ಬರೀಬೇಕು. ನಿನ್ನ ಕೈಗೆ ಅದು ಸಿಕ್ಕಿದ್ರೆ ಹೆಂಗೆ ಬರೀತೀಯ ಅಂತ ನನಗೆ ಗೊತ್ತು.

ಇನ್ನೊಂದು. ಅವರಿಬ್ಬರೂ ಯಾಹೂ ಚಾಟಿನಲ್ಲಿ ಚೆಂದದ ಕನ್ನಡ ಲಿಪೀಲಿ ಮಾತಾಡ್ತಾರೆ. ಆಗ ಆಗ್ತಿರಲಿಲ್ಲ. ಬರಹ ತಂತ್ರಾಂಶ 1998ರಲ್ಲೇ ಬಂದಿತ್ತು, ಟೈಪ್ ಮಾಡಿ ಪ್ರಿಂಟ್ ತಗೋಬಹುದಿತ್ತು. ಆದರೆ ಆ ಕಡೆಯವರ ಕಂಪ್ಯೂಟರಲ್ಲಿ ಅದೇ ಫಾಂಟ್ ಇಲ್ಲದಿದ್ರೆ ಕಾಣೋದು ಬರೀ ಚುಕ್ಕಿ, ಗೆರೆ, ಅರ್ಥವಿಲ್ಲದ ಗುರುತು. ವಿಂಡೋಸ್ ಎಕ್ಸ್‌ಪಿ ಕನ್ನಡದ ತುಂಗಾ ಫಾಂಟ್ ಜೊತೆ ಬಂದಿದ್ದು 2001ರಲ್ಲಿ. ಅಲ್ಲೀವರೆಗೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಬೇಕಿತ್ತು. ಅದರಲ್ಲಿ ಬಳೆ, ಬಲೆ, ಬಾಳೆ ಮೂರೂ ಒಂದೇ. ಹಾಲು, ಹಾಳು ಎರಡೂ ಒಂದೇ. ಜಗಳಕ್ಕೆ ನೀನು ಬೇರೆ ಕಾರಣ ಹುಡುಕೋದೇ ಬೇಡ, ಒಂದು ಳಕಾರ ಸಾಕು.

ಇಷ್ಟೆಲ್ಲ ತಪ್ಪು ಹೇಳಿದವನು ಒಂದು ಮಾತು ಮಾತ್ರ ಅವತ್ತು ಹೇಳದೇ ಉಳಿಸಿಕೊಂಡೆ. ಹುಡುಗಿಯ ಅಮ್ಮ ರಿಸೀವರ್ ಎತ್ತಿದಾಗ ಕಿವಿಗೆ ಮಳೆ ಸುರಿದ ಹಂಗೆ ಸದ್ದು ಬಡಿಯುತ್ತೆ ಅಂತ ಬರೆದಿದ್ದೀಯ. ಮೋಡೆಮ್ ನಂಟು ಕೂಡಿಸಿಕೊಳ್ಳೋವಾಗ ಕಿರುಚಿ ಆಮೇಲೆ ಸ್ಪೀಕರ್ ಸುಮ್ಮನಾಗುತ್ತೆ. ತಂತಿಯೊಳಗೆ ಮಾತ್ರ ಆ ಸದ್ದು ಹರೀತಾನೇ ಇರುತ್ತೆ, ರಿಸೀವರ್ ಎತ್ತಿದವರಿಗಷ್ಟೇ ಅದು ಗೊತ್ತು. ನೀನು ಹುಟ್ಟಿದ್ದೇ ಆಮೇಲೆ. ನಿನಗೆ ಅದು ಹೆಂಗೆ ಸಿಕ್ತು? ನಿಮ್ಮಮ್ಮನಿಗೆ ಆ ಸಾಲು ಎರಡು ಸಲ ಹೇಳಿದೆ.

ನಿನ್ನ ಕಾದಂಬರಿಯ ಕ್ಯಾಸೆಟ್ ವಿಷಯ. ಸಿ-60ರ ಒಂದು ಬದೀಲಿ ಹದಿನಾಲ್ಕು ಹಾಡು ಅಂತ ಬರೆದಿದ್ದೀಯ. ಒಂದು ಬದಿಗೆ ಮೂವತ್ತು ನಿಮಿಷ, ಆರು ಹಾಡು ಹಿಡಿದರೆ ಹೆಚ್ಚು. ಅವನು ಚೀಟೀಲಿ ಒಂದೊಂದು ಹಾಡಿನ ನಿಮಿಷ ಬರೆದು ಕೂಡಿ, ಕೊನೆಗೆ ಒಂದು ಸಣ್ಣ ಹಾಡು ಹುಡುಕಬೇಕು, ಇಲ್ಲಾಂದ್ರೆ ಚರಣದ ಮಧ್ಯೆ ಟೇಪ್ ಮುಗಿಯುತ್ತೆ. ಶುರುವಿನಲ್ಲಿ ನಾಲ್ಕೈದು ಸೆಕೆಂಡ್ ಬರೀ ಪ್ಲಾಸ್ಟಿಕ್ ಪಟ್ಟಿ, ಅದರಲ್ಲಿ ಏನೂ ದಾಖಲಾಗಲ್ಲ. ಅವನು ಅವಳ ಹೆಸರು ಹೇಳೋದು ಅಲ್ಲೇ ಅಲ್ಲವಾ? ಅವಳಿಗೆ ಅದು ಕೇಳಿಸೋದೇ ಇಲ್ಲ.

ಈಗ ಅಜ್ಜಿ ಕ್ಯಾಸೆಟ್. ನಿಧಾನವಾಗಿ ಓದು.

ಅದು ಸಿ-90, ಬದಿಗೆ ನಲವತ್ತೈದು ನಿಮಿಷ. ಸಿ-60ರ ಟೇಪ್ ಸುಮಾರು 18 ಮೈಕ್ರಾನ್ ದಪ್ಪ ಇದ್ದರೆ ಇದರದ್ದು 12. ತೆಳು ಇದ್ದಷ್ಟೂ ರೋಲರಿಗೆ ಸುತ್ತಿಕೊಳ್ಳೋದು ಬೇಗ. ಅಂಗಡೀಲಿ ಸಿನಿಮಾ ಹಾಡು ತುಂಬಿ, ಅಳಿಸದಿರಲಿ ಅಂತ ಹಿಂಬದಿಯ ಪ್ಲಾಸ್ಟಿಕ್ ಹಲ್ಲು ಮುರಿದಿಟ್ಟಿದ್ದ ಕ್ಯಾಸೆಟ್ ಅದು. ಅವ್ವ ಬೀಸೋ ಪದ ಹೇಳೋಕೆ ಕೂತಾಗ ಖಾಲಿ ಕ್ಯಾಸೆಟ್ ಇರಲಿಲ್ಲ, ಹಲ್ಲು ಮುರಿದ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿ ಬಿ ಬದಿಯ ಕೊನೇಲಿ ರೆಕಾರ್ಡ್ ಮಾಡಿದ್ದು. ಆ ಸೆಲ್ಲೋಟೇಪ್ ಇವತ್ತಿಗೂ ಅಲ್ಲೇ ಇದೆ. ಬಿ ಬದಿ ನಿನ್ನ ಕಡೆಗಿರಲಿ, ಟೇಪ್ ಕಾಣೋ ಬಾಯಿ ಕೆಳಗಿರಲಿ, ಮೇಲಂಚಿನ ಎಡಗಡೆ ನೋಡು. ಹಳದಿಗಟ್ಟಿ ಗಾಜಿನ ಹಂಗಾಗಿರುತ್ತೆ. ಉಗುರಲ್ಲಿ ಕಿತ್ತುಬಿಡು. ಅಂಟು ಉಳಿದಿದ್ರೆ ಕಿಂಡಿಯೊಳಗೆ ತಳ್ಳಬೇಡ, ಒಣಬಟ್ಟೇಲಿ ಉಜ್ಜು.

ಯಾಕೆ ಇಷ್ಟು ಹೇಳ್ತೀನಿ ಅಂದ್ರೆ, ನಿನ್ನ ಪ್ಲೇಯರಲ್ಲಿ ಪ್ಲೇ ಪಕ್ಕದಲ್ಲೇ ರೆಕಾರ್ಡಿನ ಕೆಂಪು ಗುಂಡಿ ಇದೆ. ಅಗ್ಗದ ಯಂತ್ರಗಳಲ್ಲಿ ಅಳಿಸೋ ಹೆಡ್ ಅಂದ್ರೆ ಒಂದು ಚೂರು ಆಯಸ್ಕಾಂತ ಅಷ್ಟೇ. ರೆಕಾರ್ಡ್ ಒತ್ತಿದ ತಕ್ಷಣ ಅದು ಬಂದು ಟೇಪಿಗೆ ಒರಗುತ್ತೆ, ಮುಂದೆ ಸಾಗಿದಷ್ಟೂ ಅಳಿಸುತ್ತೆ. ಕಿಂಡಿ ತೆರೆದಿದ್ರೆ ಗುಂಡಿ ಒಳಕ್ಕೇ ಹೋಗಲ್ಲ. ಬೆರಳು ಜಾರೋಕೆ ಎಷ್ಟು ಹೊತ್ತು? ನೀನು ರಾತ್ರಿ ಎರಡು ಗಂಟೆವರೆಗೂ ಎದ್ದಿರ್ತೀಯ, ನಿದ್ದೆಗಣ್ಣಲ್ಲಿ ಯಂತ್ರ ಮುಟ್ಟೋದೇ ತಪ್ಪು. ನಿದ್ದೆ ವಿಷಯ ನೂರು ಸಲ ಹೇಳಿದ್ದೀನಿ. ಕೆಲಸ ಬಿಟ್ಟು ಬರೀತೀನಿ ಅಂತೀಯ, ಬಿಡು, ನಾನು ಅಡ್ಡ ಬರಲ್ಲ, ಆದರೆ ಆರು ತಿಂಗಳ ಬಾಡಿಗೆ ಬ್ಯಾಂಕಲ್ಲಿ ಇಟ್ಟು ಆಮೇಲೆ ಬಿಡು. ಪಿಎಫ್ ಮುಟ್ಟಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ಸೆಲ್ಲೋಟೇಪ್ ಕಿತ್ತ ಮೇಲೆ ಕ್ಯಾಸೆಟನ್ನ ಬೆಳಕಿಗೆ ಹಿಡಿದು ಸುರುಳಿ ನೋಡು. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಸ್ಟು. ಹಾಕಲೇಬೇಡ, ವಾಪಸ್ ತಾ. ಬಾಯಿಯ ನಡುವೆ ತಾಮ್ರದ ಎಳೆ ಮೇಲೆ ಒಂದು ಚೂರು ಫೆಲ್ಟ್ ಇರುತ್ತೆ, ಹಳೇ ಅಂಟು ಬಿಟ್ಟು ಅದು ಉದುರೋದುಂಟು. ಅದಿಲ್ಲದಿದ್ರೆ ಟೇಪು, ಸದ್ದು ಓದೋ ಹೆಡ್ಡಿಗೆ ಒತ್ತಲ್ಲ, ದನಿ ದೂರದಿಂದ ಬಂದ ಹಂಗೆ ಕೇಳುತ್ತೆ. ಇದ್ದರೆ, ಪೊಟ್ಟಣದಲ್ಲಿರೋ ಆರು ಮೂಲೆ ಪೆನ್ಸಿಲ್ ಚಕ್ರಕ್ಕೆ ಸಿಕ್ಕಿಸಿ ಕೈಯಲ್ಲೇ ಮೆಲ್ಲಗೆ ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ ಸುತ್ತು. ವರ್ಷಗಟ್ಟಲೆ ಅಲ್ಲಾಡದ ಪದರ ಅಂಟಿಕೊಂಡಿರುತ್ತೆ, ಫಾಸ್ಟ್ ಫಾರ್ವರ್ಡ್ ಹಾಕಿದ್ರೆ ಕಿತ್ತುಬರುತ್ತೆ. ಹೆಡ್ಡನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿದ ಹತ್ತಿಕಡ್ಡೀಲಿ ಒರೆಸು, ಹತ್ತು ನಿಮಿಷ ಆರಲಿ. ಪೊಟ್ಟಣದಲ್ಲಿ ಒಂದು ಕೆಲಸಕ್ಕೆ ಬಾರದ ಕ್ಯಾಸೆಟ್ ಇಟ್ಟಿದ್ದೀನಿ, ಮೊದಲು ಅದನ್ನ ಪೂರ್ತಿ ಓಡಿಸು. ಅದನ್ನ ಯಂತ್ರ ತಿಂದರೆ ತಿನ್ನಲಿ.

ಆಮೇಲೂ ಸುಮ್ಮನೆ ಕೇಳೋಕೆ ಅಂತ ಹಾಕಬೇಡ. ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿಗೆ ತಂತಿ ಕೊಟ್ಟು, ಹಾಕೋ ಮೊದಲ ಸಲವೇ ದಾಖಲಾಗಲಿ. ವೇವ್ ಫೈಲ್, 44.1 ಕಿಲೋಹರ್ಟ್ಸ್, 16 ಬಿಟ್. ನಲವತ್ತೈದು ನಿಮಿಷಕ್ಕೆ ಸುಮಾರು 475 ಎಂಬಿ ಆಗುತ್ತೆ, ಆಗಲಿ. ದನಿ ಜೋರಾದಾಗಲೂ ಕಂಪ್ಯೂಟರಿನ ಅಳತೇಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ಗರಗರ ಅಂತ ಕೇಳುತ್ತೆ, ಅದನ್ನ ಆಗಲೇ ತೆಗೆಯೋಕೆ ಹೋಗಬೇಡ, ಬೀಸೋ ಕಲ್ಲಿನ ಸದ್ದೂ ಅದರ ಜೊತೇನೇ ಹೋಗಿಬಿಡುತ್ತೆ. ದನಿ ಮಬ್ಬಾಗಿದ್ರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಕಾಲು ಸುತ್ತಿನೊಳಗೆ ತಿರುಗಿಸಿದರೆ ಸ್ಪಷ್ಟವಾಗುತ್ತೆ. ಅದನ್ನ ಮಾತ್ರ ನೀನು ಮಾಡಬೇಡ, ನನಗೆ ಬಿಡು. ನಮ್ಮ ಡೆಕ್ಕಿಗೆ ಹೊಸ ಬೆಲ್ಟ್ ಹಾಕಿದ್ದೀನಿ, ಮೇಜಿನ ಮೇಲೇ ಇದೆ.

ಬದಿ ಮುಗಿಯೋವಾಗ ಯಂತ್ರದ ಮುಂದೆಯೇ ಕೂತಿರು, ಸ್ಟಾಪ್ ಮೇಲೆ ಬೆರಳಿರಲಿ. ಆಟೋಸ್ಟಾಪ್ ಇಲ್ಲದ ಪ್ಲೇಯರ್ ಟೇಪ್ ಮುಗಿದರೂ ಎಳೀತಾನೇ ಇರುತ್ತೆ, ತುದೀಲಿ ಕಿತ್ತುಹೋಗುತ್ತೆ. ಆ ತುದೀಲೇ ಪದ ನಿಲ್ಲಿಸಿ ಅವ್ವ "ಸಾಕೇನ್ಲಾ ಮಗ?" ಅಂತ ಕೇಳೋದು ಇರೋದು.

ಸೆಲ್ಲೋಟೇಪ್ ಕಿತ್ತ ತಕ್ಷಣ ಒಂದು ಮಿಸ್ಡ್ ಕಾಲ್ ಕೊಡು. ಮಾತಾಡದಿದ್ರೂ ಆಗುತ್ತೆ.

ಅಪ್ಪ